ಕೇಳಿಸಿಕೊಳ್ಳುವವರ ಮಾತು ಕೇಳುವವರು ಯಾರು?

"ಡಾಕ್ಟರ್ ಸಾಹೇಬ್ರ, ಆ ಅಕ್ಕಾರು ಇವತ್ತ ಬಂದಿಲ್ಲೇನ್ರಿ? ಅವರ ಮುಂದಾದ್ರ ಹೇಳ್ತಿದ್ದೆ. ನಿಮ್ಮ ಮುಂದ ಒಲ್ಲೆ."

ಕಟಕೋಳದ ನನ್ನ ದವಾಖಾನೆಯ ಬಾಗಿಲಲ್ಲಿ ನಿಂತು ಹೀಗೆ ಹೇಳಿದವಳು ಹದಿನಾರು ವರ್ಷದ ಹುಡುಗಿ. ಅದಕ್ಕೂ ಮೊದಲು ಹೊಟ್ಟೆನೋವೆಂದು ಒಂದೇ ತಿಂಗಳಲ್ಲಿ ಮೂರು ಸಲ ಬಂದಿದ್ದಳು. ನಾನು ಹೊಟ್ಟೆ ಮುಟ್ಟಿ ನೋಡಿದೆ, ಮೂತ್ರ ಪರೀಕ್ಷೆ ಮಾಡಿಸಿದೆ, ರಾಮದುರ್ಗಕ್ಕೆ ಕಳಿಸಿ ಸ್ಕ್ಯಾನಿಂಗ್ ಕೂಡ ಆಯಿತು. ಎಲ್ಲವೂ ಸರಿಯಾಗಿತ್ತು. ಮೂರನೆಯ ಸಲ ಬಂದಾಗ, ವಾರಕ್ಕೊಂದು ದಿನ ನನ್ನಲ್ಲಿಗೆ ಬರುತ್ತಿದ್ದ ಸ್ವಯಂಸೇವಾ ಸಂಸ್ಥೆಯೊಂದರ ಆಪ್ತಸಮಾಲೋಚಕಿಯ ಬಳಿ ಕೂಡಿಸಿದೆ. ಅರ್ಧ ತಾಸಿನಲ್ಲಿ ವಿಷಯ ಹೊರಬಿತ್ತು. ಮನೆಯಲ್ಲಿ ಮದುವೆ ಗೊತ್ತು ಮಾಡುತ್ತಿದ್ದರು, ಹುಡುಗಿಗೆ ಕಾಲೇಜು ಬಿಡುವ ಮನಸ್ಸಿರಲಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಯಿತು, ಹಿರಿಯರು ಕೂತು ಮಾತಾಡಿದರು, ಮದುವೆ ನಿಂತಿತು. ಹೊಟ್ಟೆನೋವೂ ನಿಂತಿತು.

ಇದು ನಾಲ್ಕನೆಯ ಸಲ. ಆದರೆ 'ಅಕ್ಕಾರು' ಇರಲಿಲ್ಲ. ಅವರನ್ನು ಕೆಲಸದಿಂದ ಬಿಡಿಸಿ ಒಂದು ವಾರವಾಗಿತ್ತು. ಹುಡುಗಿ ಏನೂ ಹೇಳದೆ ಹಿಂದಿರುಗಿದಳು. ಅವಳನ್ನು ಕಾಲೇಜು ಬಿಡಿಸಿ ಮನೆಯಲ್ಲಿ ಕೂಡಿಸಿದ್ದರೆಂಬುದು ನನಗೆ ತಿಳಿದದ್ದು ಎರಡು ತಿಂಗಳ ನಂತರ. ಒಂದು ವರ್ಷದ ಓದು ಹಾಳಾಯಿತು.

ಆ ಆಪ್ತಸಮಾಲೋಚಕಿಯನ್ನು ಬಿಡಿಸುವ ಮುನ್ನ ಸಂಸ್ಥೆಯವರು ನನ್ನ ಅಭಿಪ್ರಾಯ ಕೇಳಿದ್ದರು. "ಹುಡುಗಿ ಒಳ್ಳೆಯವಳು, ಆದರೆ ಶಿಸ್ತಿಲ್ಲ" ಎಂದು ನಾನೇ ಹೇಳಿದ್ದೆ. ಆ ಮಾತು ತಪ್ಪಾಗಿತ್ತು ಎಂದು ಒಪ್ಪಿಕೊಳ್ಳಲು ಈ ವಾರದ ಅಂಕಣವನ್ನು ಬಳಸಿಕೊಳ್ಳುತ್ತಿದ್ದೇನೆ. (ಇಬ್ಬರ ಒಪ್ಪಿಗೆಯನ್ನೂ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಶಿಸ್ತಿಲ್ಲದವಳೇ?

ಆಕೆಯ ಮೇಲಿದ್ದ ದೂರುಗಳು ಇವು: ರಿಜಿಸ್ಟರ್ ಹೊತ್ತಿಗೆ ಸರಿಯಾಗಿ ತುಂಬುವುದಿಲ್ಲ. ತಿಂಗಳ ವರದಿ ಯಾವಾಗಲೂ ತಡ. ಸಭೆಯಲ್ಲಿ ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕುತ್ತಾಳೆ. ಹೇಳಿದ ನಾಲ್ಕು ಕೆಲಸಗಳಲ್ಲಿ ಎರಡನ್ನು ಮರೆಯುತ್ತಾಳೆ. ಸಂಜೆಯಾದರೆ ಸುಸ್ತಾಗಿ ಯಾರೊಡನೆಯೂ ಮಾತಾಡುವುದಿಲ್ಲ.

ಇವೆಲ್ಲ ನಿಜವೇ. ಆದರೆ ಅದೇ ಹುಡುಗಿ ನೊಂದವರ ಎದುರು ಕುಳಿತಾಗ ಒಂದು ಮಾತನ್ನೂ ಬಿಡದೆ ಕೇಳುತ್ತಿದ್ದಳು. ಮೂರು ತಿಂಗಳ ಹಿಂದೆ ಬಂದ ತಾಯಿಯ ಎಮ್ಮೆಯ ಬಣ್ಣ ಕೂಡ ಅವಳಿಗೆ ನೆನಪಿರುತ್ತಿತ್ತು. ಒಂದೇ ತಲೆಯಲ್ಲಿ ಈ ಮರೆವು, ಈ ನೆನಪು ಎರಡೂ ಹೇಗೆ ಎಂದು ವೈದ್ಯನಾದ ನಾನಾದರೂ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಮುಂದೆ ಧಾರವಾಡದ ಮನೋವೈದ್ಯರೊಬ್ಬರು ಆಕೆಯ ಬಾಲ್ಯದ ವಿವರಗಳನ್ನೆಲ್ಲ ಕೇಳಿ, ಇದು ಎ.ಡಿ.ಎಚ್.ಡಿ. ಎಂದರು. ಆಗ ಆಕೆಗೆ 27 ವರ್ಷ.

ನರವೈವಿಧ್ಯ ಎಂದರೇನು?

ಎಲ್ಲರ ಮಿದುಳೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಕೆಲವರಿಗೆ ಗಮನವನ್ನು ಬೇಕಾದಾಗ ಬೇಕಾದಲ್ಲಿ ನಿಲ್ಲಿಸುವುದು ಕಷ್ಟ, ಇದು ಎ.ಡಿ.ಎಚ್.ಡಿ. ಕೆಲವರಿಗೆ ಮುಖಭಾವ, ಒಳಮಾತು, ಹಠಾತ್ ಬದಲಾವಣೆಗಳು ಗೊಂದಲ ತರುತ್ತವೆ, ಸದ್ದು-ಬೆಳಕು ಅತಿಯಾಗಿ ತಟ್ಟುತ್ತವೆ, ಇದು ಆಟಿಸಂ. ಇನ್ನು ಕೆಲವರಿಗೆ ಬುದ್ಧಿ ಚುರುಕಿದ್ದರೂ ಓದು-ಬರಹ ತೊಡಕು, ಇದು ಡಿಸ್ಲೆಕ್ಸಿಯಾ. ಇವುಗಳನ್ನೆಲ್ಲ ಸೇರಿಸಿ 'ನರವೈವಿಧ್ಯ' ಎಂದು ಕರೆಯುವ ರೂಢಿ ಈಗ ಬಂದಿದೆ. 1990ರ ದಶಕದಲ್ಲಿ ಆಟಿಸಂ ಇದ್ದವರ ನಡುವೆಯೇ ಈ ವಿಚಾರ ಬೆಳೆಯಿತು. ಆಸ್ಟ್ರೇಲಿಯಾದ ಸಮಾಜಶಾಸ್ತ್ರದ ವಿದ್ಯಾರ್ಥಿನಿ ಜೂಡಿ ಸಿಂಗರ್ 1998ರ ತಮ್ಮ ಪ್ರಬಂಧದಲ್ಲಿ ಈ ಪದವನ್ನು ಬಳಸಿದರು.

ಇವು ನಡುವಯಸ್ಸಿನಲ್ಲಿ ಅಂಟಿಕೊಳ್ಳುವ ರೋಗಗಳಲ್ಲ. ಬಾಲ್ಯದಿಂದಲೇ ಇರುತ್ತವೆ. ಅನುವಂಶೀಯತೆಯ ಪಾತ್ರ ದೊಡ್ಡದು. ತಾಯಿ ಸರಿಯಾಗಿ ಬೆಳೆಸಲಿಲ್ಲ ಎಂಬ ಆರೋಪಕ್ಕೆ ಆಧಾರವಿಲ್ಲ. ರಕ್ತ ಪರೀಕ್ಷೆಯಿಂದಾಗಲಿ ಸ್ಕ್ಯಾನಿನಿಂದಾಗಲಿ ಪತ್ತೆಯಾಗುವುದಿಲ್ಲ. ತಜ್ಞರು ಬಾಲ್ಯದಿಂದ ಈವರೆಗಿನ ನಡವಳಿಕೆಯನ್ನು ಕೂಲಂಕಷವಾಗಿ ಕೇಳಿಯೇ ನಿರ್ಧರಿಸಬೇಕು. ಹೆಣ್ಣುಮಕ್ಕಳಲ್ಲಿ ಇದು ಬಹಳ ತಡವಾಗಿ ಗೊತ್ತಾಗುತ್ತದೆ. ಹುಡುಗ ಕುಣಿದಾಡಿದರೆ ಶಾಲೆಯಿಂದ ದೂರು ಬರುತ್ತದೆ; ಹುಡುಗಿ ಕಿಟಕಿಯಾಚೆ ನೋಡುತ್ತ ಕೂತರೆ 'ಪಾಪ, ಸುಮ್ಮನಿರತಾಳ' ಎನ್ನುತ್ತೇವೆ.

ಇಲ್ಲೊಂದು ಎಚ್ಚರಿಕೆಯ ಮಾತು. ಇದನ್ನು ಓದಿ 'ನನಗೂ ಮರೆವಿದೆ, ನನಗೂ ಎ.ಡಿ.ಎಚ್.ಡಿ.' ಎಂದು ನೀವೇ ತೀರ್ಮಾನಿಸಬೇಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆ, ನಿದ್ರೆಗೇಡು, ಖಿನ್ನತೆ, ಕುಡಿತ ಇವುಗಳಿಂದಲೂ ಗಮನ ಕದಡುತ್ತದೆ. ಇತ್ತೀಚೆಗೆ ಶುರುವಾದ ಮರೆವಾದರೆ ಮೊದಲು ನಿಮ್ಮ ವೈದ್ಯರಿಗೆ ತೋರಿಸಿ.

'ತಾನೇ ಸರಿ ಇಲ್ಲದವರು...'

ಈ ವಿಷಯವನ್ನು ನನ್ನ ವೈದ್ಯಮಿತ್ರರೊಬ್ಬರ ಮುಂದೆ ತೆಗೆದಾಗ ಅವರು ನಕ್ಕು, "ತಾನೇ ಸರಿ ಇಲ್ಲದವರು ಇನ್ನೊಬ್ಬರಿಗೆ ಏನು ಹೇಳ್ತಾರ್ರೀ?" ಎಂದರು. ನಿಮಗೂ ಹಾಗನ್ನಿಸಿರಬಹುದು. ನಾನು ಅವರಿಗೆ ಹೇಳಿದ್ದಿಷ್ಟೆ: ನಿಮಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ನಿಮ್ಮ ಸಕ್ಕರೆ ರೋಗಿಗಳು ಯಾರಾದರೂ ಬಿಟ್ಟು ಹೋಗಿದ್ದಾರೆಯೇ? ಕನ್ನಡಕ ಹಾಕಿದ ಕಣ್ಣಿನ ಡಾಕ್ಟರರ ಬಳಿ ನಾವು ಹೋಗುವುದಿಲ್ಲವೇ?

ಆಟಿಸಂ ಇದ್ದವರಿಗೆ ಪರರ ನೋವು ತಿಳಿಯುವುದಿಲ್ಲ ಎಂಬ ನಂಬಿಕೆ ವೈದ್ಯರಲ್ಲೂ ಇದೆ. ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಸ್ವತಃ ಆಟಿಸಂ ಇರುವ ಸಂಶೋಧಕರು. 2012ರಲ್ಲಿ ಅವರು ಇದಕ್ಕೆ ಒಂದು ಸರಳ ಉತ್ತರ ಕೊಟ್ಟರು: ಅರ್ಥವಾಗದಿರುವುದು ಒಂದೇ ಕಡೆಯಿಂದಲ್ಲ, ಎರಡೂ ಕಡೆಯಿಂದ. ಅವರಿಗೆ ನಮ್ಮ ಮಾತಿನ ಸೂಕ್ಷ್ಮ ತಿಳಿಯದಿದ್ದರೆ, ನಮಗೂ ಅವರ ಮೌನದ ಸೂಕ್ಷ್ಮ ತಿಳಿಯುವುದಿಲ್ಲ. ಹಾಗಿದ್ದ ಮೇಲೆ ಆಟಿಸಂ ಇರುವ ಮಗುವಿನ ಸಂಕಟವನ್ನು, ಅದೇ ದಾರಿಯಲ್ಲಿ ನಡೆದು ಬಂದ ಆಪ್ತಸಮಾಲೋಚಕ ಬೇಗ ಗುರುತಿಸಿದರೆ ಆಶ್ಚರ್ಯವೇನು?

ಹಾಗೆಂದು ನರವೈವಿಧ್ಯ ಇದ್ದವರೆಲ್ಲ ಹುಟ್ಟಾ ಸಮಾಲೋಚಕರು ಎಂದು ನಾನು ಹೇಳುತ್ತಿಲ್ಲ. ಎಲ್ಲರಂತೆ ಅವರಲ್ಲೂ ಕೆಲವರಿಗೆ ಈ ಕೆಲಸ ಒಗ್ಗುತ್ತದೆ, ಕೆಲವರಿಗೆ ಇಲ್ಲ. ಒಗ್ಗುವವರನ್ನು ರಿಜಿಸ್ಟರಿನ ಕಾರಣಕ್ಕೆ ಕಳೆದುಕೊಳ್ಳುವಷ್ಟು ಸಿರಿವಂತಿಕೆ ನಮ್ಮಲ್ಲಿದೆಯೇ ಎಂಬುದು ಪ್ರಶ್ನೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ತಲುಪಿರಲಿಲ್ಲ. ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ಕಡೆಯ ಹಳ್ಳಿಗಳಿಂದ ಧಾರವಾಡಕ್ಕೋ ಬೆಳಗಾವಿಗೋ ಹೋಗಿ ಮನೋವೈದ್ಯರನ್ನು ಕಂಡು ಬರಲು ಒಂದು ದಿನದ ಕೂಲಿ ಬಿಡಬೇಕು. ಇಂಥಲ್ಲಿ ಊರಿಗೇ ಬಂದು ಕೂತು ಕೇಳಿಸಿಕೊಳ್ಳುವ ಒಬ್ಬಳು ಎಷ್ಟು ದೊಡ್ಡವಳೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮೇಲ್ವಿಚಾರಣೆ ಎಂದರೆ ತಪಾಸಣೆಯಲ್ಲ

ಎಚ್.ಐ.ವಿ. ಪರೀಕ್ಷಾ ಕೇಂದ್ರದಲ್ಲಿ, ಹದಿಹರೆಯದವರ ಸ್ನೇಹ ಕ್ಲಿನಿಕ್ಕಿನಲ್ಲಿ, ಮಹಿಳಾ ಸಾಂತ್ವನ ಕೇಂದ್ರದಲ್ಲಿ, ಟೆಲಿ-ಮಾನಸ್ ಫೋನಿನ ಆ ತುದಿಯಲ್ಲಿ ಕುಳಿತವರು ದಿನಕ್ಕೆ ಎಷ್ಟು ಜನರ ಕಣ್ಣೀರು ಕೇಳುತ್ತಾರೆ! ಅದನ್ನೆಲ್ಲ ಅವರು ಎಲ್ಲಿ ಇಳಿಸಬೇಕು? ಗುಟ್ಟು ಕಾಯುವ ಪ್ರತಿಜ್ಞೆ ಇರುವುದರಿಂದ ಮನೆಯಲ್ಲಿ ಹೇಳುವಂತಿಲ್ಲ. ಇದಕ್ಕಾಗಿಯೇ ಆ ವೃತ್ತಿಯಲ್ಲಿ ಒಂದು ಪದ್ಧತಿ ಇದೆ. ಪ್ರತಿ ಸಮಾಲೋಚಕರೂ ತಮಗಿಂತ ಅನುಭವಿಯಾದ ಒಬ್ಬರ ಜೊತೆ ನಿಯಮಿತವಾಗಿ ಕೂತು ತಮ್ಮ ಕೆಲಸದ ಬಗ್ಗೆ ಮಾತಾಡಬೇಕು. ಬ್ರಿಟನ್ನಿನಲ್ಲಿ ಸಮಾಲೋಚಕರ ದೊಡ್ಡ ಸಂಘವೊಂದು ವೃತ್ತಿಯಲ್ಲಿರುವ ತನ್ನ ಮಾನ್ಯತೆ ಪಡೆದ ಸದಸ್ಯರಿಗೆ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಇದನ್ನು ಕಡ್ಡಾಯ ಮಾಡಿದೆ. ಇಪ್ಪತ್ತು ವರ್ಷ ಅನುಭವವಿದ್ದವರಿಗೂ ವಿನಾಯಿತಿ ಇಲ್ಲ.

ನಾವು ಇದನ್ನು 'ಮೇಲ್ವಿಚಾರಣೆ' ಎಂದು ಕರೆಯುತ್ತೇವೆ. ಆದರೆ ಮೇಲ್ವಿಚಾರಕ ಎಂದೊಡನೆ ನಮ್ಮ ಕಣ್ಣಿಗೆ ಬರುವವನು ಹಾಜರಿ ಪುಸ್ತಕ ಹಿಡಿದು ಕೆಂಪು ಗೆರೆ ಎಳೆಯುವವನು. 1980ರ ದಶಕದಲ್ಲಿ ಬ್ರಿಜಿಡ್ ಪ್ರಾಕ್ಟರ್ ಎಂಬ ಬ್ರಿಟಿಷ್ ತಜ್ಞೆ ಇದಕ್ಕೆ ಮೂರು ಕೆಲಸಗಳಿವೆ ಎಂದರು: ಬಂದವರಿಗೆ ಹಾನಿಯಾಗದಂತೆ ಕಾಯುವುದು, ಸಮಾಲೋಚಕರಿಗೆ ಕಲಿಸುವುದು, ಮತ್ತು ಅವರ ದಣಿದ ಮನಸ್ಸಿಗೆ ಚೇತರಿಕೆ ಕೊಡುವುದು. ನಮ್ಮಲ್ಲಿ ಮೊದಲನೆಯದಷ್ಟೇ, ಅದೂ ಕಾಗದದ ಮೇಲೆ ನಡೆಯುತ್ತದೆ. ನಮ್ಮ ರೈತರು ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತಾರೆ. ಬಾರುಕೋಲೊಂದರಿಂದಲೇ ಯಾವ ಹೋರಿಯೂ ಸಾಲು ಹಿಡಿಯುವುದಿಲ್ಲ.

ಇದು ಪರದೇಶದ ಸೊಗಸು, ನಮಗೆ ನಿಲುಕದ್ದು ಎನ್ನಬೇಡಿ. 1980ರ ದಶಕದಲ್ಲಿ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳ ತರಬೇತಿ ಕೊಟ್ಟರು. ತರಬೇತಿ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಜಿಲ್ಲಾ ತಂಡವೊಂದು ಅವರ ಬೆನ್ನಿಗೆ ನಿಂತಿತು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿಯಾಯಿತು. ನಮ್ಮ ನೆರೆಯ ಗೋವೆಯಲ್ಲಿ 'ಸಂಗಾತ್' ಸಂಸ್ಥೆಯವರು ವೃತ್ತಿಪರ ಪದವಿ ಇಲ್ಲದ ಸಾಮಾನ್ಯ ಜನರನ್ನೇ ಸಮಾಲೋಚಕರಾಗಿ ತಯಾರು ಮಾಡಿದರು. ಆ ಸಮಾಲೋಚಕರು ಗುಂಪಾಗಿ ಕೂತು, ಧ್ವನಿಮುದ್ರಿಸಿದ ಸಮಾಲೋಚನೆಗಳನ್ನು ಕೇಳಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ತೂಗಿ ನೋಡುತ್ತಿದ್ದರು. ತೀವ್ರ ಖಿನ್ನತೆಯವರಿಗೆ ಅವರಿಂದ ನಿಜವಾಗಿ ಉಪಯೋಗವಾಯಿತೆಂಬ ಫಲಿತಾಂಶ 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಯಾವ ಒತ್ತಾಸೆ ಬೇಕು?

ನರವೈವಿಧ್ಯ ಇರುವ ಸಮಾಲೋಚಕರಿಗೆ ಮೇಲ್ವಿಚಾರಣೆ ಎಲ್ಲರಿಗಿಂತ ಹೆಚ್ಚು ಅಗತ್ಯ. ಏಕೆಂದರೆ ಅವರು ಎರಡು ಕೆಲಸ ಮಾಡುತ್ತಿರುತ್ತಾರೆ: ಒಂದು ಬಂದವರ ಮಾತು ಕೇಳುವುದು; ಇನ್ನೊಂದು ತಾನೂ ಎಲ್ಲರಂತೆಯೇ ಇದ್ದೇನೆ ಎಂದು ದಿನವಿಡೀ ತೋರಿಸಿಕೊಳ್ಳುವುದು. ಎರಡನೆಯದು ಮೊದಲನೆಯದಕ್ಕಿಂತ ದಣಿಸುತ್ತದೆ. ನನ್ನ ಈ ಆಪ್ತಸಮಾಲೋಚಕಿ ಸಂಜೆಗೆ ಮೌನವಾಗುತ್ತಿದ್ದುದು ಸೊಕ್ಕಿನಿಂದಲ್ಲ, ಈ ದಣಿವಿನಿಂದ.

ಸಂಸ್ಥೆ ನಡೆಸುವವರು, ತಾಲ್ಲೂಕು ಆಸ್ಪತ್ರೆಯ ಹಿರಿಯರು, ಶಾಲಾ ಮುಖ್ಯಸ್ಥರು ದಯವಿಟ್ಟು ಗಮನಿಸಬೇಕು. ಮಾಡಬೇಕಾದದ್ದು ದುಬಾರಿಯಲ್ಲ:

1. ಭೇಟಿಗೆ ದಿನ, ಸಮಯ ಖಚಿತವಾಗಿರಲಿ. ಏನು ಮಾತಾಡುತ್ತೇವೆ ಎಂಬುದನ್ನು ಎರಡು ದಿನ ಮೊದಲೇ ಬರೆದು ಕೊಡಿ. 'ಸ್ವಲ್ಪ ಬಾ, ಮಾತಾಡೂದೈತಿ' ಎಂಬ ಒಂದು ಸಾಲು ಕೆಲವರ ಇಡೀ ರಾತ್ರಿಯ ನಿದ್ದೆ ಕೆಡಿಸುತ್ತದೆ.

2. ತಪ್ಪಿದ್ದರೆ ನೇರವಾಗಿ, ಮೆಲ್ಲಗೆ, ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ಸುತ್ತಿ ಬಳಸಿ ಕುಟುಕಬೇಡಿ. ಆಟಿಸಂ ಇದ್ದ ಕೆಲವರಿಗೆ ಕುಟುಕು ತಲುಪದೇ ಹೋಗಬಹುದು, ಎ.ಡಿ.ಎಚ್.ಡಿ. ಇದ್ದ ಹಲವರಿಗೆ ಅದು ತಿಂಗಳುಗಟ್ಟಲೆ ಚುಚ್ಚುತ್ತದೆ.

3. ಹೇಳಿದ್ದನ್ನು ಕೊನೆಯಲ್ಲಿ ಬರೆದು ಕೊಡಿ.

4. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಹತ್ತು ನಿಮಿಷ ಬಿಡುವಿರಲಿ. ಟಿಪ್ಪಣಿ ಆಗಲೇ ಮುಗಿಯುತ್ತದೆ. ಉದ್ದ ರಿಜಿಸ್ಟರಿನ ಬದಲು ಗುರುತು ಹಾಕುವ ಚಿಕ್ಕ ನಮೂನೆ ಇದ್ದರೆ ಇನ್ನೂ ಒಳ್ಳೆಯದು.

5. ಫ್ಯಾನಿನ ಗರಗರ, ಟ್ಯೂಬ್‌ಲೈಟಿನ ಮಿಣುಕು, ಬಾಗಿಲಾಚೆಯ ಸರತಿ ಇಲ್ಲದ ಶಾಂತ ಮೂಲೆ ಕೊಡಿ. ಇದು ಬರುವ ರೋಗಿಗೂ ಹಿತ.

6. ಮೇಲ್ವಿಚಾರಕರು ಬೇರೆ, ಸಂಬಳ-ಬಡ್ತಿ ನಿರ್ಧರಿಸುವವರು ಬೇರೆ ಆಗಿರಲಿ. ಕೆಲಸ ಕಳೆದುಕೊಳ್ಳುವ ಭಯವಿದ್ದಲ್ಲಿ ಯಾರೂ ತಪ್ಪು ಒಪ್ಪಿಕೊಳ್ಳುವುದಿಲ್ಲ. ಮುಚ್ಚಿಟ್ಟ ತಪ್ಪಿನಿಂದಲೇ ರೋಗಿಗೆ ಅಪಾಯ.

7. ತನಗೆ ಹೀಗಿದೆ ಎಂದು ಹೇಳಿಕೊಳ್ಳಲು ಯಾರನ್ನೂ ಒತ್ತಾಯಿಸಬೇಡಿ. ಹೇಳಿಕೊಂಡರೆ ಆ ಮಾತು ಚಹಾದ ಹೊತ್ತಿನ ಹರಟೆಯಾಗದಿರಲಿ.

ಇವುಗಳಲ್ಲಿ ಯಾವುದೂ ರಿಯಾಯಿತಿಯಲ್ಲ. ಬಂದವರ ಗುಟ್ಟು ಕಾಯುವುದು, ಆತ್ಮಹತ್ಯೆಯ ಸುಳಿವು ಸಿಕ್ಕರೆ ಕೂಡಲೇ ಮನೋವೈದ್ಯರಿಗೆ ಒಪ್ಪಿಸುವುದು, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ಇವು ಎಲ್ಲರಿಗೂ ಒಂದೇ. ವರದಿ ಒಂದು ದಿನ ತಡವಾದರೆ ನಡೆಯುತ್ತದೆ. ಇವು ತಡವಾದರೆ ನಡೆಯುವುದಿಲ್ಲ. ಯಾವುದು ಬಗ್ಗಬಹುದು, ಯಾವುದು ಬಗ್ಗಬಾರದು ಎಂದು ಮೊದಲ ದಿನವೇ ಬರೆದು ಹೇಳುವವನೇ ಒಳ್ಳೆಯ ಮೇಲ್ವಿಚಾರಕ. ಎಷ್ಟು ಬೆನ್ನು ತಟ್ಟಿದರೂ ಈ ಮೂರರಲ್ಲಿ ಎಡವುವವರನ್ನು, ಅವರ ಮಿದುಳು ಹೇಗೇ ಇರಲಿ, ಆ ಕುರ್ಚಿಯಲ್ಲಿ ಕೂಡಿಸಬಾರದು.

ಕಾನೂನಿನ ಬಲವೂ ಸ್ವಲ್ಪ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ಪಟ್ಟಿಯಲ್ಲಿ ಆಟಿಸಂ ಇದೆ, ಕಲಿಕೆಯ ನಿರ್ದಿಷ್ಟ ತೊಡಕುಗಳೂ ಇವೆ. ಸರ್ಕಾರಿ ಸಂಸ್ಥೆಗಳು ಇಂಥ ನೌಕರರಿಗೆ ಸೂಕ್ತ ಅನುಕೂಲ ಮಾಡಿಕೊಡಬೇಕೆಂದು ಅದು ಹೇಳುತ್ತದೆ. ಎ.ಡಿ.ಎಚ್.ಡಿ. ಹೆಸರು ಮಾತ್ರ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ನನ್ನ ಈ ಆಪ್ತಸಮಾಲೋಚಕಿಯಂಥವರಿಗೆ ಉಳಿದಿರುವುದು ಮೇಲಿನವರ ಒಳ್ಳೆಯತನವೊಂದೇ. ಒಳ್ಳೆಯತನವನ್ನು ನಂಬಿ ವೃತ್ತಿ ನಡೆಸಬೇಕಾದ ಸ್ಥಿತಿ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಮನೆಯವರಿಗೆ ಎರಡು ಮಾತು

ಇದು ಸಂಸ್ಥೆಗಳ ವಿಷಯ, ನಮಗೇನು ಎಂದು ನೀವು ಪುಟ ತಿರುವಬಾರದು. ನಾಳೆ ನಿಮ್ಮ ಮಗನನ್ನೋ ಸೊಸೆಯನ್ನೋ ಸಮಾಲೋಚಕರ ಬಳಿ ಕರೆದೊಯ್ಯಬೇಕಾದೀತು. ಎದುರು ಕುಳಿತವರು ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಮಾತಾಡಿದರೆ, ಕೈಯಲ್ಲಿ ಪೆನ್ನು ತಿರುಗಿಸುತ್ತಿದ್ದರೆ, 'ಇವರಿಗೆ ಲಕ್ಷ್ಯವಿಲ್ಲ' ಎಂದು ಎದ್ದು ಬರಬೇಡಿ. ಎರಡು-ಮೂರು ಭೇಟಿ ನೋಡಿ. ಹೇಳಿದ್ದು ಅವರಿಗೆ ನೆನಪಿದೆಯೇ, ನಿಮ್ಮ ಮನಸ್ಸು ಹಗುರಾಯಿತೇ ಎಂಬುದೇ ಅಳತೆ. ಬೇಕಿದ್ದರೆ, "ನಿಮಗೆ ಮೇಲ್ವಿಚಾರಕರು ಇದ್ದಾರೆಯೇ?" ಎಂದು ಸಂಕೋಚವಿಲ್ಲದೆ ಕೇಳಿ. ಅದು ಮರ್ಯಾದೆಯ ಪ್ರಶ್ನೆಯೇ. 'ಇದ್ದಾರೆ' ಎಂಬ ಉತ್ತರ ಒಳ್ಳೆಯ ಲಕ್ಷಣ. ಏಕೆಂದರೆ ತನಗೆ ಯಾರೂ ಬೇಕಿಲ್ಲ ಎನ್ನುವವರ ಬಗ್ಗೆಯೇ ಹೆಚ್ಚು ಎಚ್ಚರ ಬೇಕು.

ನಿಮ್ಮ ಮನೆಯಲ್ಲೇ ಒಬ್ಬ ಮಗಳು, ಚಂಚಲೆ, ಮರೆಗುಳಿ, ಆದರೆ ನೆರೆಮನೆಯ ಅಜ್ಜಿಯ ದುಃಖವನ್ನೆಲ್ಲ ಬಲ್ಲವಳು, ಮುಂದೆ ಸಮಾಲೋಚಕಿ ಆಗುತ್ತೇನೆ ಎಂದರೆ ನಗಬೇಡಿ. ಓದಿಸಿ. ಮತ್ತು ಅವಳಿಗೆ ಈಗಲೇ ಕಲಿಸಿ: ಒತ್ತಾಸೆ ಕೇಳುವುದು ಸೋಲಲ್ಲ. ಮನಸ್ಸು ಭಾರವಾದ ಯಾರೇ ಆಗಲಿ, ಸಮಾಲೋಚಕರೂ ಸೇರಿ, ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆ ಉಚಿತ, ಹಗಲು-ರಾತ್ರಿ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಅವಳ ವಿಷಯ. ಮನೋವೈದ್ಯರ ಕಾಗದ ಬಂದ ಮೇಲೆ ನಾನು ಸಂಸ್ಥೆಗೆ ಹೋಗಿ, ನನ್ನ ಹಳೆಯ ಅಭಿಪ್ರಾಯವನ್ನು ಹಿಂತೆಗೆದುಕೊಂಡೆ. ಆರು ತಿಂಗಳ ಮಟ್ಟಿಗೆ ನೋಡೋಣ ಎಂದು ಅವರು ಒಪ್ಪಿದರು. ಧಾರವಾಡದ ನಿವೃತ್ತ ಸಮಾಲೋಚಕಿಯೊಬ್ಬರು ಈಗ ಹದಿನೈದು ದಿನಕ್ಕೊಮ್ಮೆ, ಗುರುವಾರ ಸಂಜೆ, ಫೋನಿನಲ್ಲಿ ಅವಳ ಜೊತೆ ಒಂದು ತಾಸು ಮಾತಾಡುತ್ತಾರೆ. ಔಷಧವೂ ಸ್ವಲ್ಪ ನೆರವಾಗಿದೆ. ಆರು ತಿಂಗಳು ಕಳೆದು ವರ್ಷವಾಯಿತು, ಅವಳು ಕೆಲಸದಲ್ಲಿದ್ದಾಳೆ. ತಿಂಗಳ ವರದಿ ಈಗಲೂ ಒಮ್ಮೊಮ್ಮೆ ಒಂದು ದಿನ ತಡ.

ಹೊಟ್ಟೆನೋವಿನ ಹುಡುಗಿ ಮತ್ತೆ ಕಾಲೇಜಿಗೆ ಸೇರಿದ್ದಾಳೆ. ಮೊನ್ನೆ ದವಾಖಾನೆಗೆ ಬಂದು ಬಾಗಿಲಲ್ಲೇ ನಿಂತು ಕೇಳಿದಳು, "ಅಕ್ಕಾರು ಅದಾರೇನ್ರಿ?" ಒಳಗೆ ಕೈತೋರಿಸಿ, "ಅದಾರ, ಹೋಗವಾ" ಎಂದೆ.